ಹತ್ತದೆ ಉಳಿದ ಎರಡು

ಗುಂಡಿ ಒತ್ತಿದ ಮೇಲೆ ಬೆಂಕಿ ಕಾಣುವ ತನಕ ಒಂದು ಚೂರು ಹೊತ್ತು ಇರುತ್ತದೆ. ಒಂದು ಸೆಕೆಂಡೂ ಇರಲಿಕ್ಕಿಲ್ಲ. ಮಾಡಿದ ತಪ್ಪನ್ನು ಸರಿಪಡಿಸಲು ಆ ಹೊತ್ತು ಸಾಲದು, ತಪ್ಪು ಮಾಡಿದ್ದೇನೆ ಎಂದು ತಿಳಿಯಲು ಮಾತ್ರ ಧಾರಾಳವಾಗಿ ಸಾಕು. ಹಿರೇಗುಂಟನೂರಿನ ಆಚೆಯ ಬಯಲಿನಲ್ಲಿ ಅವತ್ತು ಬೆಳಿಗ್ಗೆ ನನಗೆ ಅದು ತಿಳಿಯಿತು. ಇನ್ನೂರು ಹೆಜ್ಜೆ ದೂರದಲ್ಲಿ, ಮುಳ್ಳುಬೇಲಿ ಹಾಕಿದ ಕುರಿರೊಪ್ಪದೊಳಗೆ, ಒಬ್ಬ ಹೆಂಗಸು ಆಗತಾನೆ ಹುಟ್ಟಿದ ಮರಿಗಳ ಮೈ ಒರೆಸುತ್ತ ಕೂತಿದ್ದಳು. ಅವಳು ಅಲ್ಲಿದ್ದಾಳೆ ಎಂದು ಗೊತ್ತಿದ್ದೇ ನಾನು ಗುಂಡಿ ಒತ್ತಿದ್ದೆ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಮನೆ ಚಿತ್ರದುರ್ಗದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಕಾಲೇಜಿನವರೂ ಹೇಳುತ್ತಾರೆ, ಸುಳ್ಳೇನಲ್ಲ. ಬಲೂನಿನ ಗಾಳಿ ಬಿಟ್ಟು ಕ್ರಿಯೆ, ಪ್ರತಿಕ್ರಿಯೆ ತೋರಿಸಿ ತೋರಿಸಿ ಬೇಸತ್ತು ಒಂದು ವರ್ಷ ಮಾದರಿ ರಾಕೆಟ್ಟಿನ ಬೆನ್ನು ಹತ್ತಿದೆ. ರಟ್ಟಿನ ಕೊಳವೆ, ತೆಳು ಮರದ ರೆಕ್ಕೆ, ಪ್ಲಾಸ್ಟಿಕ್ ಮೂತಿ, ಒಳಗೆ ಮಡಚಿಟ್ಟ ಪುಟ್ಟ ಪ್ಯಾರಾಚೂಟ್. ಇದರ ಮೋಟಾರ್ ಅಂದರೆ ಪಂಪ್‌ಸೆಟ್ಟಿನ ಮೋಟಾರ್ ಅಲ್ಲ. ಹೆಬ್ಬೆರಳು ಗಾತ್ರದ ಗಟ್ಟಿ ರಟ್ಟಿನ ಕೊಳವೆಯಲ್ಲಿ ಒತ್ತಿ ತುಂಬಿದ ಮದ್ದು. ಅದನ್ನು ನಾವು ಮಾಡಬಾರದು, ಪರವಾನಗಿ ಇದ್ದವರು ಮಾಡಿದ್ದನ್ನು ತರಿಸಿಕೊಳ್ಳಬೇಕು. ಅದರ ಬಾಯಿಗೆ ಇಗ್ನೈಟರ್ ಎನ್ನುವ ಸಣ್ಣ ತಂತಿ ಸಿಕ್ಕಿಸುತ್ತೇವೆ. ಬ್ಯಾಟರಿಯ ಕರೆಂಟು ಹರಿದರೆ ತಂತಿಯ ತುದಿ ಕೆಂಪಗಾಗಿ ಹೊತ್ತಿಕೊಳ್ಳುತ್ತದೆ, ಅದರಿಂದ ಮದ್ದು ಹೊತ್ತುತ್ತದೆ, ರಾಕೆಟ್ ಹೋಗುತ್ತದೆ. ದೀಪಾವಳಿ ಮುಗಿದು ಮೂರು ತಿಂಗಳಾಯಿತಲ್ಲ ಎಂದು ನನ್ನ ಗಂಡ ಚುಡಾಯಿಸುತ್ತಿದ್ದರು.

ಚುಡಾಯಿಸದೆ ಪಕ್ಕದಲ್ಲಿ ಬಂದು ಕೂತವರು ನನ್ನ ಮಾವ ಒಬ್ಬರೇ. ಗಂಡನ ತಂದೆ. ಊರು ಬಾಗೂರು, ನಮ್ಮ ಜೊತೆ ದುರ್ಗದಲ್ಲಿರುತ್ತಾರೆ. ನಲವತ್ತು ವರ್ಷ ಬಾವಿಗೆ ಮದ್ದು ಹೊಡೆದವರು. ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಅದಕ್ಕೆ ಕುಳಿ ಕೊರೆದು, ಮದ್ದು ತುಂಬಿ, ಸಿಡಿಸುವ ಕೆಲಸ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಸೀಮೆಯಲ್ಲಿ, ಭೀಮಸಮುದ್ರದ ತೋಟಗಳಲ್ಲಿ ಅವರು ಇಳಿಯದ ಬಾವಿ ಕಡಿಮೆ. ಬೋರ್‌ವೆಲ್ ಲಾರಿಗಳು ಬಂದ ಮೇಲೆ ಆ ಕಸುಬು ನಿಂತುಹೋಯಿತು. ಎಡಗೈಯಲ್ಲಿ ಎರಡು ಬೆರಳಿಲ್ಲ. ನನ್ನ ಮೊದಲ ರಾಕೆಟನ್ನು ಆ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಅವರು ಕೇಳಿದ್ದು ಒಂದೇ ಮಾತು.

"ಏನವ್ವ, ಇದಕ್ಕೆ ಬತ್ತಿನಾ, ಕೇಪಾ?"

ಕೇಪು ಅಂದರೆ ಬಂಡೆಯ ಮದ್ದನ್ನು ಕರೆಂಟು ಕೊಟ್ಟು ಸಿಡಿಸುವ ಡಿಟೋನೇಟರ್. ಇದು ಅದರ ತಮ್ಮ ಇದ್ದ ಹಾಗೆ ಮಾವ ಎಂದೆ. ಅವತ್ತಿನಿಂದ ತಂತಿಯ ಕೆಲಸ ಅವರದಾಯಿತು. ತಂತಿ ಹೊಸೆಯುವಾಗ ಉಳಿದ ಮೂರು ಬೆರಳುಗಳೇ ಐದು ಬೆರಳಿನ ಕೆಲಸ ಮಾಡುತ್ತಿದ್ದವು.

ಭಾನುವಾರ ಬೆಳಿಗ್ಗೆ ಹಳೆಯ ಕಾರಿನಲ್ಲಿ ಸಾಮಾನು ತುಂಬಿಕೊಂಡು ನಾವಿಬ್ಬರೇ ಆ ಬಯಲಿಗೆ ಹೋಗುತ್ತಿದ್ದೆವು. ನಾನು ಹಾರಿಸಿ ನೋಡಿ, ಸರಿ ಅನ್ನಿಸಿದ ಮೇಲೆಯೇ ವಿದ್ಯಾರ್ಥಿಗಳಿಗೆ ತೋರಿಸುವುದು ಎಂದು ನಿಯಮ ಮಾಡಿಕೊಂಡಿದ್ದೆ. ದೂರದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿಯೇ ಗಾಳಿ ಎಷ್ಟಿದೆ ಎಂದು ಅಂದಾಜು ಮಾಡುತ್ತಿದ್ದೆ. ಗುಂಡಿ ಒತ್ತುವ ಮೊದಲು ಮಾವ ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನಾಲ್ಕು ದಿಕ್ಕಿಗೂ ತಿರುಗಿ "ಮದ್ದೈತೇ... ದೂರಾ..." ಎಂದು ಕೂಗುತ್ತಿದ್ದರು. ನರಪಿಳ್ಳೆ ಇಲ್ಲದ ಬಯಲಿನಲ್ಲಿ ಆ ಕೂಗು ಯಾರಿಗೆ ಎಂದು ನಾನು ರೇಗುತ್ತಿದ್ದೆ. ಕೂಗಬೇಡಿ ಎಂದರೆ ಕೇಳುತ್ತಿರಲಿಲ್ಲ. ರಾಕೆಟ್ ಹೋದ ಮೇಲೆ ಇನ್ನೊಂದು ಪ್ರಶ್ನೆ: "ಎಷ್ಟು ಹಾಕಿದ್ವಿ, ಎಷ್ಟು ಹೋದ್ವು?" ಒಂದೇ ಹಾಕಿದ್ವಿ, ಒಂದೇ ಹೋಯ್ತು ಮಾವ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಒಂದು ಮೋಟಾರಿನ ರಾಕೆಟ್ಟು ಬೇಗ ಸಪ್ಪೆ ಅನ್ನಿಸಿತು. ನನಗೆ ದೊಡ್ಡದು ಬೇಕಾಯಿತು. ಎರಡು ಹಂತದ್ದು, ಕೆಳಗಿನ ಹಂತದಲ್ಲಿ ಮೂರು ಮೋಟಾರ್‌ಗಳ ಗೊಂಚಲು. ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ನಡುವಿನದರ ನೆತ್ತಿಗೆ ಸರಿಯಾಗಿ ಎರಡನೇ ಹಂತದ ಮೋಟಾರ್ ಇಡಬೇಕು. ಮೂರೂ ಒಟ್ಟಿಗೆ ಹತ್ತಿ ರಾಕೆಟನ್ನು ನೇರ ಮೇಲಕ್ಕೆ ಎತ್ತಬೇಕು. ಉರಿದು ಮುಗಿಯುವ ಗಳಿಗೆಯಲ್ಲಿ ನಡುವಿನದರ ಬೆಂಕಿ ಮೇಲಿನದಕ್ಕೆ ಹತ್ತಿಕೊಂಡು, ಕೆಳಗಿನ ಹಂತ ಕಳಚಿ ಬಿದ್ದು, ಮೇಲಿನದು ಇನ್ನೂ ಮೇಲೆ ಹೋಗಬೇಕು. ಕಾಗದದ ಮೇಲೆ ಎಷ್ಟು ಚಂದ! ಆದರೆ ಆ ಮೇಲಿನ ಮೋಟಾರಿಗೆ ಆಕಾಶ ಯಾವುದು, ನೆಲ ಯಾವುದು ಎಂದು ಗೊತ್ತಿರುವುದಿಲ್ಲ. ತನಗೆ ಬೆಂಕಿ ಹತ್ತಿದಾಗ ಮೂತಿ ಎತ್ತ ಇರುತ್ತದೋ ಅತ್ತ ಹೋಗುತ್ತದೆ. ಕೆಳಗಿನ ಮೂರರಲ್ಲಿ ಒಂದು ಹತ್ತದಿದ್ದರೂ ರಾಕೆಟ್ ವಾಲುತ್ತದೆ. ಎರಡು ಹತ್ತದಿದ್ದರೆ ಏನಾಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಮಾವನಿಗೂ ಹೇಳಿದ್ದೆ.

ಇಬ್ಬರಿಗೂ ಜಗಳ ಶುರುವಾದದ್ದು ತಂತಿ ಜೋಡಿಸುವ ಕ್ರಮದಲ್ಲಿ. ಗಣಪತಿ ಹಬ್ಬಕ್ಕೆ ತೂಗುಬಿಡುವ ಹಳೆಯ ಸೀರಿಯಲ್ ಸೆಟ್ ನೋಡಿರುತ್ತೀರಿ. ಒಂದೇ ತಂತಿ ಎಲ್ಲ ದೀಪಗಳ ಮೂಲಕ ಸಾಲಾಗಿ ಹೋಗುತ್ತದೆ. ಒಂದು ಕೆಟ್ಟರೆ ಎಲ್ಲವೂ ಆರುತ್ತವೆ. ಮನೆಯ ದೀಪಗಳು ಹಾಗಲ್ಲ. ಅಡುಗೆಮನೆಯದು ಸುಟ್ಟುಹೋದರೂ ನಡುಮನೆಯದು ಉರಿಯುತ್ತಿರುತ್ತದೆ, ಏಕೆಂದರೆ ಪ್ರತಿಯೊಂದಕ್ಕೂ ಬೇರೆ ಬೇರೆ ದಾರಿಯಲ್ಲಿ ಕರೆಂಟು ಬರುತ್ತದೆ. ರಾಕೆಟ್ಟಿನ ಗೊಂಚಲನ್ನು ಮನೆಯ ದೀಪದ ಹಾಗೆ ಜೋಡಿಸಬೇಕು. ಮೂರು ಇಗ್ನೈಟರ್‌ಗಳಲ್ಲಿ ಯಾವುದೋ ಒಂದು ಉಳಿದವಕ್ಕಿಂತ ಕೂದಲೆಳೆಯಷ್ಟು ಮೊದಲು ಹತ್ತಿ ಕಡಿದುಹೋಗುತ್ತದೆ. ಸಾಲಾಗಿ ಕಟ್ಟಿದ್ದರೆ ಅಲ್ಲಿಗೆ ಕರೆಂಟಿನ ದಾರಿಯೇ ಕಡಿದು, ಉಳಿದೆರಡು ತಣ್ಣಗೆ ಕೂತಿರುತ್ತವೆ.

ಬಾವಿಯ ಕೇಪುಗಳ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲವನ್ನೂ ಸಾಲಾಗಿಯೇ ಕಟ್ಟುವುದು. ಮದ್ದು ಹೊಡೆಯುವವರ ಪೆಟ್ಟಿಗೆ ಒಂದೇ ಏಟಿಗೆ ಕೊಡುವ ಕರೆಂಟು ಅಷ್ಟು ಬಿರುಸು, ಆ ಕೇಪುಗಳೂ ಒಂದೇ ಅಳತೆಯವು. ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಮಾವ ಅದರ ಮೇಲೆ ಆಣೆ ಇಡಬಲ್ಲವರು.

"ನೋಡವ್ವ, ನೀನು ಹೇಳೋ ಥರ ಕಟ್ಟಿದ್ರೆ ಮೂರರಾಗೆ ಒಂದು ತಂತಿ ಕಡ್ದಿದ್ರೂ ನಿನ್ನ ಬಲ್ಬು ಉರೀತೈತೆ. ನನ್ನ ಥರ ಕಟ್ಟು, ಒಂದು ಕೈ ಕೊಟ್ಟಿದ್ರೂ ಬಲ್ಬು ಹತ್ತಲ್ಲ. ಮೂರೂ ನಮ್ಮ ಹಿಡಿತದಾಗೆ ಅವೆ ಅಂತ ಗೊತ್ತಾಗ್ತೈತೆ."

ಬಲ್ಬು ಅಂದರೆ ಹಾರಿಸುವ ಗುಂಡಿ ಇರುವ ನನ್ನ ಪೆಟ್ಟಿಗೆಯ ಮೇಲಿನ ಪುಟ್ಟ ದೀಪ. ತಂತಿಯ ದಾರಿ ಪೂರ್ತಿಯಾಗಿದೆಯೋ ಇಲ್ಲವೋ ಎಂದು ಗುಂಡಿ ಒತ್ತುವ ಮೊದಲು ತೋರಿಸುವಂಥದ್ದು. ಆ ಒಂದು ವಿಷಯದಲ್ಲಿ ಅವರ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂದದ್ದು. ಪರೀಕ್ಷೆಗೆ ಅವರ ಕ್ರಮ ಒಳ್ಳೆಯದು, ಬೆಂಕಿಗೆ ನನ್ನದು. ಇದನ್ನು ನಿಧಾನವಾಗಿ ಹೇಳಬಹುದಿತ್ತು. ನಾನು ದನಿ ಎತ್ತಿದೆ. "ಇದು ಬಾವಿ ಅಲ್ಲ ಮಾವ" ಎಂದೆ.

ಆಗ ಅವರು ಹಿಂದೆಂದೂ ಹೇಳದ ಒಂದು ಸಂಗತಿ ಹೇಳಿದರು. ಕೇಪು ಬರುವುದಕ್ಕೆ ಮುಂಚೆ ಬತ್ತಿಯ ಕಾಲ. ಹಿರಿಯೂರಿನ ಹತ್ತಿರ ಒಂದು ಬಾವಿಯಲ್ಲಿ ನಾಲ್ಕು ಕುಳಿಗೆ ಬತ್ತಿ ಹಚ್ಚಿ ಮೇಲೆ ಬಂದಿದ್ದರು. ಮೂರು ಸದ್ದು ಕೇಳಿದವು. ಎರಡು ಒಟ್ಟಿಗೆ ಹೋಗಿರಬೇಕು ಎಂದು ಜೊತೆಗಾರ ಹಗ್ಗ ಹಿಡಿದು ಕೆಳಗಿಳಿದ. ಮಾವನೂ ಹಾಗೇ ಅಂದುಕೊಂಡು, ದಡದ ಮೇಲೆ ನಿಂತು ಹಗ್ಗ ಬಿಡುತ್ತಿದ್ದರು. ನಾಲ್ಕನೆಯದು ಆಗ ಸಿಡಿಯಿತು.

"ಹತ್ತಿದ್ದು ಯಾರನ್ನೂ ಕೊಲ್ಲಲ್ಲವ್ವ. ಹತ್ತದೆ ಉಳಿದಿದ್ದು ಕೊಲ್ತೈತೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ಆಗ್ಲಿ ಬಿಡು. ನೀನು ಓದಿದೋಳು. ನೀನು ಹೇಳ್ದಂಗೇ ಕಟ್ತೀನಿ" ಎಂದು ಎದ್ದು ಹೋದರು. ಗೆದ್ದೆ ಎಂದುಕೊಂಡೆ ನಾನು.

ಆ ಭಾನುವಾರ ಮೂಡಲ ಗಾಳಿ ಇತ್ತು. ಸುಗ್ಗಿ ಮುಗಿದು ಹುಲ್ಲೆಲ್ಲ ಒಣಗಿ ಕಡ್ಡಿಯಾಗಿದ್ದ ಕಾಲ. ಒಂಬತ್ತು ಗಂಟೆಯಾದರೆ ಗಾಳಿ ಜೋರಾಗುತ್ತದೆಂದು ಬೇಗ ಹೋಗಿದ್ದೆವು. ಹೋಗಿ ನೋಡಿದರೆ ಬಯಲಿನಲ್ಲಿ ಕುರಿಗಳು. ನಾವು ಮೊದಲು ಕಂಡಿರದ ಒಂದು ರೊಪ್ಪ ಮೂಡಲ ದಿಕ್ಕಿಗೆ ಎದ್ದಿತ್ತು. ಜಾಲಿ ಮುಳ್ಳಿನ ಬೇಲಿ, ಒಂದು ಮೂಲೆಯಲ್ಲಿ ಶೇಂಗಾ ಹೊಟ್ಟಿನ ಗುಡ್ಡೆ, ಮರಿಗಳನ್ನು ಕೂಡುವ ಬಿದಿರಿನ ಗೂಡು. ಮಂದೆ ಪಡುವಲ ಕಡೆ ಮೇಯುತ್ತಿತ್ತು. ಪ್ಯಾರಾಚೂಟ್ ಬಿಚ್ಚಿದ ರಾಕೆಟ್ ಗಾಳಿ ಬೀಸುವತ್ತ ತೇಲಿಹೋಗುತ್ತದೆ, ಅಂದರೆ ಪಡುವಲಕ್ಕೆ. ಕುರಿಗಳ ಮೇಲೆ ಬೀಳುವುದು ಬೇಡವೆಂದು ಕುರುಬನ ಹತ್ತಿರ ಹೋದೆ. ಐವತ್ತರ ಆಸುಪಾಸಿನ ಆಳು, ಹೆಗಲ ಮೇಲೆ ಕಂಬಳಿ.

"ಸ್ವಲ್ಪ ಹೊತ್ತು ಮಂದೆನ ಆ ದಿಣ್ಣೆ ಆಚೆ ಹೊಡ್ಕಂಡು ಹೋಗ್ತೀರಾ? ರಾಕೆಟ್ ಹಾರಿಸ್ತೀವಿ."

"ಆಯ್ತು ಮೇಡಮ್ಮ, ಹೋಗ್ತೀನಿ. ಆದ್ರೆ ನಮ್ಮ ಮನೇಳು ರೊಪ್ಪದಾಗೆ ಅದಾಳೆ. ನಸುಕಿಗೆ ಎರಡು ಕುರಿ ಈದಾವೆ. ಎಳೆ ಮರಿ, ಎತ್ತಿಕೊಂಡು ತಿರುಗಾಡಕಾಗಲ್ಲ. ಅಲ್ಲಿಗೇನೂ ಬರಲ್ವಾ?"

"ಅದು ಗಾಳಿ ಬರೋ ದಿಕ್ಕು. ಅಲ್ಲಿಗೆ ಬರಲ್ಲ. ಇದು ಮ್ಯಾಲೆ ಹೋಗುತ್ತೆ" ಎಂದೆ. ಪಾಠ ಮಾಡುವ ದನಿಯಲ್ಲೇ ಹೇಳಿರಬೇಕು. ಅವನು ನಂಬಿದ. ಹುಯ್, ಹುಯ್ ಎಂದು ಮಂದೆ ಎಬ್ಬಿಸಿಕೊಂಡು ದಿಣ್ಣೆಯ ಆಚೆಗೆ ನಡೆದ. ಅರ್ಧ ಮೈಲಿಯಾದರೂ ಇತ್ತು. ಅವನನ್ನು ಅಷ್ಟು ದೂರ ಕಳಿಸಿದವಳು ನಾನೇ.

ನಾನು ಹೇಳದೆ ಬಿಟ್ಟದ್ದು ಒಂದಿತ್ತು. ಪ್ಯಾರಾಚೂಟ್ ಗಾಳಿಯ ಜೊತೆಗೆ ಹೋಗುತ್ತದೆ, ನಿಜ. ಆದರೆ ವೇಗ ಸಾಲದೆ ನಿಧಾನವಾಗಿ ಏರುವ ರಾಕೆಟ್ ಗಾಳಿಗೆ ಎದುರಾಗಿ ಮೂತಿ ತಿರುಗಿಸುತ್ತದೆ. ಅದರ ರೆಕ್ಕೆಗಳು ಇರುವುದೇ ಆ ಬಗೆಯಲ್ಲಿ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಹತ್ತುತ್ತವೆ, ವೇಗ ಸಿಗುತ್ತದೆ, ಆ ಮಾತೇ ಬರುವುದಿಲ್ಲ ಎಂದು ಬದಿಗಿಟ್ಟಿದ್ದೆ.

ತಿರುಗಿ ಬಂದಾಗ ರಾಕೆಟ್ಟನ್ನು ನೆಲಕ್ಕೆ ನೆಟ್ಟ ಹಾರಿಸುವ ಕಂಬಿಗೆ ಏರಿಸಿಯಾಗಿತ್ತು. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬುಡದ ತಂತಿಗಳಿಗೆ ಟೇಪು ಸುತ್ತುತ್ತಿದ್ದರು. ನಾನು ಬಗ್ಗಿ ನೋಡಿದೆ. ಹೊರಡುವಾಗ ನಾನು ತೋರಿಸಿಕೊಟ್ಟಿದ್ದ ಜೋಡಣೆ ಅಲ್ಲಿರಲಿಲ್ಲ. ಒಂದರ ಬಾಲಕ್ಕೆ ಇನ್ನೊಂದರ ತಲೆ, ಅದರ ಬಾಲಕ್ಕೆ ಮತ್ತೊಂದರ ತಲೆ. ಸಾಲು. ಬಾವಿಯ ಜೋಡಣೆ. ರೊಪ್ಪದಲ್ಲಿ ಹೆಂಗಸು ಇರುವುದನ್ನು ಅವರೂ ನೋಡಿದ್ದರು. ಒಂದೂ ಹತ್ತದೆ ಉಳಿಯಬಾರದು, ಇದ್ದರೆ ಮೂರೂ ಹಿಡಿತದಲ್ಲಿರಬೇಕು ಎಂದು, ತಮಗೆ ಗೊತ್ತಿದ್ದ ಎಲ್ಲಕ್ಕಿಂತ ಭದ್ರವಾದ ಕೆಲಸವನ್ನು ಅವರು ಮಾಡಿದ್ದರು.

ನಾನು ಅದನ್ನು ನೋಡಿದೆ. ಈ ಮಾತನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನೋಡಿದೆ, ಗುರುತು ಹಿಡಿದೆ, ಸುಮ್ಮನಾದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಆಗಲೇ ಜೋರಾಗಿ ತಿರುಗುತ್ತಿದ್ದವು. ಬಿಚ್ಚಿ ಮತ್ತೆ ಕಟ್ಟಬೇಕೆಂದರೆ ಅರ್ಧ ಗಂಟೆ, ಜೊತೆಗೆ ಇನ್ನೊಂದು ಸುತ್ತು ಜಗಳ. ಇಗ್ನೈಟರಿನ ಎಳೆಗಳು ಕೂದಲಿನಷ್ಟು ಸಣ್ಣ, ಬಿಚ್ಚುವಾಗ ಕಡಿದರೆ ಅವತ್ತಿನ ಕೆಲಸ ಕೆಟ್ಟಂತೆ. ಕಾರಿನ ದೊಡ್ಡ ಬ್ಯಾಟರಿ ಇದೆ, ಮೂರೂ ಒಟ್ಟಿಗೆ ಹತ್ತಿದರೂ ಹತ್ತಬಹುದು. ಇವೆಲ್ಲ ನೆಪಗಳೇ. ನನಗೆ ಅವತ್ತು ಅದು ಹಾರಬೇಕಾಗಿತ್ತು, ಅಷ್ಟೇ.

ಮೂವತ್ತು ಹೆಜ್ಜೆ ಹಿಂದೆ ಬಂದು ಪೆಟ್ಟಿಗೆಗೆ ಕೀಲಿ ಹಾಕಿದೆ. ಬಲ್ಬು ಹತ್ತಿತು, ಸ್ವಲ್ಪ ಮಂಕಾಗಿ. ಮಾವ ಎದ್ದು ನಾಲ್ಕು ದಿಕ್ಕಿಗೂ ಕೂಗಿದರು. ಮೂಡಲಕ್ಕೆ ತಿರುಗಿದಾಗ ಎರಡು ಸಲ ಕೂಗಿದರು. ರೊಪ್ಪದೊಳಗಿನ ಹೆಂಗಸು ತಲೆ ಎತ್ತಿ ನಮ್ಮ ಕಡೆ ನೋಡಿ, ಹಣೆಗೆ ಕೈ ಅಡ್ಡ ಹಿಡಿದು, ಮತ್ತೆ ಮರಿಗಳ ಕಡೆ ಬಗ್ಗಿದಳು.

ಒತ್ತಿದೆ.

ಆ ಚೂರು ಹೊತ್ತು. ಆಮೇಲೆ ಒಂದೇ ಒಂದು ಎಳೆ ಹೊಗೆ. ಮೂರು ಹತ್ತಿದರೆ ಕೇಳುವ ಅಬ್ಬರ ಇರಲಿಲ್ಲ. ಪ್ರೆಷರ್ ಕುಕ್ಕರು ಸೀಟಿ ಹಾಕದೆ ಬುಸುಗುಟ್ಟುವ ಸದ್ದು. ರಾಕೆಟ್ ಕಂಬಿಯನ್ನು ಬಿಡಲೋ ಬೇಡವೋ ಎನ್ನುವಂತೆ ಮೇಲೆ ಜಾರಿತು. ಒಂದಾಳುದ್ದ, ಎರಡಾಳುದ್ದ. "ಹೋಗು, ಹೋಗು" ಎಂದು ನಾನು ಹಲ್ಲು ಕಚ್ಚಿಕೊಂಡು ಅನ್ನುತ್ತಿದ್ದೆ. ತೆಂಗಿನ ಮರದೆತ್ತರಕ್ಕೆ ಹೋಗಿ, ಮೂತಿಯನ್ನು ನಿಧಾನವಾಗಿ, ಯಾರೋ ಕಿವಿ ಹಿಡಿದು ತಿರುಗಿಸಿದಂತೆ, ಮೂಡಲಕ್ಕೆ ತಿರುಗಿಸಿತು.

"ಒಂದೇ ಹತ್ತೈತೆ! ಎರಡು ಒಳಗೇ ಅವೆ!" ಎಂದು ಮಾವ ಅರಚಿದರು.

ನೆಲಕ್ಕೆ ಸಮನಾಗಿ ಮಲಗಿ ಮೂತಿ ತುಸು ಕೆಳಗೆ ಬಾಗಿದ ಗಳಿಗೆಗೆ ಸರಿಯಾಗಿ, ಹತ್ತಿದ್ದ ಆ ಒಂದೇ ಒಂದು, ನಡುವಿನ ಮೋಟಾರ್, ಉರಿದು ಮುಗಿದು, ಮೇಲಿನ ಹಂತಕ್ಕೆ ಬೆಂಕಿ ದಾಟಿಸಿತು. ನಾನು ಕಾಗದದ ಮೇಲೆ ಬರೆದಿದ್ದ ಹಾಗೆಯೇ, ಒಂದು ಚೂರೂ ತಪ್ಪದೆ. ಕೆಳಗಿನ ಹಂತ ಕಳಚಿ ಹುಲ್ಲಿನಲ್ಲಿ ಬಿತ್ತು. ಹಗುರವಾದ ಮೇಲಿನ ಹಂತ ಸುಯ್ಯೆಂದು ನೇರ ಗೆರೆ ಎಳೆದ ಹಾಗೆ ಹೋಗಿ, ರೊಪ್ಪದ ಮೇಲೆ ಹಾದು, ಗಾಳಿ ಬರುವ ಕಡೆಯ ಆಚೆ ಬದಿ ಮುಳ್ಳುಬೇಲಿಗೆ ನೆಟ್ಟುಕೊಂಡು, ಅಲ್ಲೇ ಸಿಕ್ಕಿಕೊಂಡು, ಹಿಂಬದಿಯಿಂದ ಬೆಂಕಿ ಉಗುಳತೊಡಗಿತು. ಒಣ ಜಾಲಿ ಮುಳ್ಳಿಗೆ ಎಷ್ಟು ಹೊತ್ತು ಬೇಕು? ಬೇಲಿಯಿಂದ ಶೇಂಗಾ ಹೊಟ್ಟಿಗೆ, ಹೊಟ್ಟಿನಿಂದ ಬಿದಿರಿನ ಗೂಡಿನ ಕಡೆಗೆ ಗಾಳಿ ಅದನ್ನು ನೂಕಿತು.

ನಾನು ನೀರಿನ ಕ್ಯಾನ್ ಎತ್ತಿಕೊಂಡು ಓಡಿದೆ. ದಾರಿಯಲ್ಲಿ ಬಿದ್ದ ಕೆಳಗಿನ ಹಂತದ ಹತ್ತಿರ ಮಾವ ಎರಡೂ ಕೈ ಚಾಚಿ ನಿಂತು, "ಇದರ ಸನೇಕೆ ಬರಬ್ಯಾಡ, ಸುತ್ತಿ ಹೋಗು" ಎಂದು ಕೂಗಿದರು. ಹತ್ತದೆ ಉಳಿದ ಎರಡು ಅದರೊಳಗಿದ್ದವು, ಸುತ್ತಲ ಹುಲ್ಲು ಹೊಗೆಯಾಡುತ್ತಿತ್ತು. ಅವರು ಅದರ ಮೇಲೆ ಕಾಲಿನಿಂದ ಮಣ್ಣು ನೂಕುತ್ತ ಅಲ್ಲೇ ನಿಂತರು. ನಾನು ಸುತ್ತಿ ಓಡಿದೆ.

ಆ ಹೆಂಗಸು ಹೊರಗೆ ಬಂದಿದ್ದಳು. ಬಂದವಳು ಮತ್ತೆ ಒಳಗೆ ನುಗ್ಗಿದಳು. ನಾನು ಬೇಡ ಬೇಡ ಎಂದು ಕಿರುಚಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಒಂದು ಮರಿಯನ್ನು ಬೇಲಿಯ ಮೇಲಿಂದ ಹೊರಗೆ ಎಸೆದಳು. ಇನ್ನೊಂದನ್ನು ಎಸೆದಳು. ಮೂರನೆಯದನ್ನು ಎದೆಗೆ ಅವಚಿಕೊಂಡು ಬರುವಾಗ ನೈಲಾನ್ ಸೀರೆಯ ಸೆರಗಿಗೆ ಬೆಂಕಿ ಹಿಡಿದು, ಎಡಗೈಯಿಂದ ಕತ್ತಿನವರೆಗೆ ಏರಿತು. ಅವಳು ಮರಿಯನ್ನು ಕೈಬಿಡಲಿಲ್ಲ. ನಾನು ಅವಳ ಮೇಲೆ ನೀರು ಸುರಿದು, ನೆಲಕ್ಕೆ ಕೆಡವಿ, ಬೇಲಿಯಾಚೆ ಒಣಗಲು ಹಾಕಿದ್ದ ಕಂಬಳಿಯಲ್ಲಿ ಸುತ್ತಿದೆ. ಅವಳಿಂದ ಬಂದ ಸದ್ದು ಅಳುವಿನ ಸದ್ದಲ್ಲ. ಅದನ್ನು ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ.

ಅವಳ ಗಂಡ ದಿಣ್ಣೆಯ ಆಚೆಯಿಂದ ಹೊಗೆ ನೋಡಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏದುಸಿರು ಬಿಡುತ್ತ, ಹೆಂಡತಿಯನ್ನು ನೋಡಿ, ನನ್ನ ಕಡೆ ತಿರುಗಿದ. ಬೈಯಲಿಲ್ಲ, ಹೊಡೆಯಲಿಲ್ಲ.

"ಮ್ಯಾಲೆ ಹೋಗುತ್ತೆ ಅಂದಿದ್ರಲ್ಲ ಮೇಡಮ್ಮ" ಎಂದ.

ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದುರ್ಗಕ್ಕೆ ಹೊರಟೆವು. ಅವನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಾವ ಮುಂದೆ ನನ್ನ ಪಕ್ಕ ಕೂತಿದ್ದರು. ನನಗೆ ಯಾರ ಮೇಲಾದರೂ ಹರಿಹಾಯಬೇಕಿತ್ತು. ಹರಿಹಾಯ್ದೆ. "ನಾನು ಹೇಳಿದ್ದನ್ನ ಬಿಚ್ಚಿ ಸಾಲಾಗಿ ಕಟ್ಟಿದ್ರಲ್ಲ, ನೋಡಿ ಈಗ, ನೋಡಿ! ನಿಮ್ಮ ಬಾವಿ ಬುದ್ಧಿ ಇಲ್ಲೂ ತೋರಿಸಿದ್ರಿ" ಎಂದು, ಹಿಂದೆ ಕೂತವನಿಗೂ ಕೇಳಿಸುವಂತೆ ಕೂಗಾಡಿದೆ. ಮಾವ ಹಿಂದಕ್ಕೆ ತಿರುಗಿ, ಆ ಕುರುಬನಿಗೆ ಕೈ ಮುಗಿದರು. "ನಂದೇ ತಪ್ಪಪ್ಪ. ನಮ್ಮ ಹುಡುಗೀದು ಏನಿಲ್ಲ" ಎಂದರು. ನಾನು ಗೇರು ಬದಲಿಸಿ ಮುಂದೆ ನೋಡುತ್ತ ಓಡಿಸಿದೆ.

ಪೊಲೀಸರು ಬಂದು ಬರೆದುಕೊಂಡು ಹೋದರು. ಅಲ್ಲಿಯೂ ಮಾವ ಅದನ್ನೇ ಹೇಳಿದರು. ನನ್ನನ್ನು ಕೇಳಿದಾಗ "ತಂತಿ ಜೋಡಣೆ ತಪ್ಪಾಗಿತ್ತು, ನಾನಿಲ್ಲದಾಗ ಬದಲಾಗಿತ್ತು" ಎಂದೆ. ಎರಡೂ ಮಾತು ನಿಜ. ಅವುಗಳ ಆಚೆಗಿನ ಮಾತನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಕಾಲೇಜಿನಲ್ಲಿ ರಾಕೆಟ್ ಗೀಕೆಟ್ ಇನ್ನು ಬೇಡ ಎಂದರು. ಉಳಿದ ಮೋಟಾರ್‌ಗಳನ್ನು ಮಾರಿದವರಿಗೇ ವಾಪಸು ಕಳಿಸಿದೆ.

ಆ ಹೆಂಗಸು ಬದುಕಿದಳು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದಳು. ಕತ್ತಿನ ಚರ್ಮ ಒಂದು ಕಡೆಗೆ ಎಳೆದುಕೊಂಡಿದೆ, ಎಡಗೈ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ಆಸ್ಪತ್ರೆಗೆ ನಾನು ನಾಲ್ಕೈದು ಸಲ ಹೋದೆ. ಪ್ರತಿ ಸಲವೂ ಅವಳು "ಕುಂತ್ಕಳ್ರಿ" ಎಂದು ಮಂಚದಲ್ಲಿ ಜಾಗ ಬಿಡುತ್ತಿದ್ದಳು. ಪ್ರತಿ ಸಲವೂ ನಾನು ನಿಂತೇ ಇದ್ದು ಬಂದೆ. ಅವಳು ಹಟ್ಟಿಗೆ ಮರಳಿದ ಮೇಲೆ ನಾನು ಅತ್ತ ಕಾಲಿಡಲಿಲ್ಲ.

ಮಾವ ಇಟ್ಟರು. ಪ್ರತಿ ಸೋಮವಾರ ಬೆಳಿಗ್ಗೆ ಚೀಲದಲ್ಲಿ ಬಾಳೆಹಣ್ಣು, ಕೈಗೆ ಹಚ್ಚುವ ಎಣ್ಣೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಅಲ್ಲಿ ಹೋಗಿ ಏನು ಮಾಡುತ್ತಾರೋ ಹೇಳುವುದಿಲ್ಲ. ಬೇಲಿಗೆ ಮುಳ್ಳು ಕಡಿದು ಹಾಕುತ್ತಾರೆ, ಅವಳಿಂದ ಎತ್ತಲಾಗದ ಕೊಡಗಳನ್ನು ಎತ್ತುತ್ತಾರೆ ಎಂದು ಆ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಹೇಳಿದಳು. ಮನೆಯಲ್ಲಿ ಮಾತ್ರ ಅವರು ತಂತಿ ಮುಟ್ಟುವುದನ್ನು ಬಿಟ್ಟರು. ಫ್ಯೂಸು ಹೋದರೆ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಬಚ್ಚಲುಮನೆಯ ಬಲ್ಬು ಹೋಗಿ ಎರಡು ದಿನ ಕತ್ತಲಲ್ಲೇ ಸ್ನಾನ ಮಾಡಿದ್ದರು. ಯಾಕೆ ಹಾಕಲಿಲ್ಲ ಮಾವ ಎಂದು ಕೇಳಿದರೆ, "ನನ್ನ ಕೈ ಒಳ್ಳೇದಲ್ಲ ಬಿಡವ್ವ" ಎಂದರು. ನಲವತ್ತು ವರ್ಷ ನಾಲ್ಕು ಸೀಮೆಯ ಜನ ತಮ್ಮ ಬಾವಿಗಳನ್ನು ನಂಬಿ ಕೊಟ್ಟ ಕೈ ಅದು. ಅದನ್ನು ಅವರಿಂದ ಕಸಿದವಳು ನಾನು. ಆ ರಾಕೆಟ್ಟನ್ನು ದೂರಿ ಪ್ರಯೋಜನವಿಲ್ಲ.

ಎಂಟು ತಿಂಗಳು ಹೀಗೇ ತಳ್ಳಿದೆ. ಒಂದು ಸೋಮವಾರ ಅವರು ಜಗಲಿಯಲ್ಲಿ ಕೂತು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚೀಲ. ನಾನು ಕಾಲೇಜಿಗೆ ಹೊರಟವಳು ಅವರ ಎದುರು ನಿಂತು, ಇನ್ನು ತಡೆಯಲಾರದೆ, ಒಂದೇ ಉಸಿರಿಗೆ ಹೇಳಿದೆ.

"ಮಾವ, ಅವತ್ತು ನೀವು ಸಾಲಾಗಿ ಕಟ್ಟಿದ್ದನ್ನ ನಾನು ನೋಡಿದ್ದೆ. ಗುಂಡಿ ಒತ್ತೋಕೆ ಮೊದ್ಲೇ ನೋಡಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ನಿಮ್ಮದಲ್ಲ, ನಂದು."

ಅವರು ತಲೆ ಎತ್ತಲಿಲ್ಲ. ಉಂಗುಷ್ಠವನ್ನು ಇನ್ನೊಮ್ಮೆ ಎಳೆದು ನೋಡಿದರು.

"ನೀನು ನೋಡಿದ್ದು ನಂಗೆ ಗೊತ್ತವ್ವ. ನೀನು ಬಗ್ಗಿ ನೋಡೋದನ್ನ ನಾನು ನೋಡ್ತಾನೇ ಇದ್ದೆ. ತಪ್ಪಿದ್ರೆ ಬೈತಾಳೆ, ಬಿಚ್ಚಾಣ ಅಂತ ಕೈ ತಂತಿ ಮೇಲೇ ಇಟ್ಕಂಡಿದ್ದೆ. ನೀನು ಬೈಲಿಲ್ಲ. ಹಂಗಾರೆ ಸರಿಯಾಗೈತೆ ಅಂದ್ಕಂಡೆ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಬಸ್ಸಿಗೆ ಹೊತ್ತಾಯ್ತು ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.